ಒಂದು ಕೈಗೆ ಬೆಲ್ಟು, ಇನ್ನೊಂದು ಕೈಗೆ ಪುಸ್ತಕ: ಮುಧೋಳ ಸೀಮೆಯ ನಾಯಿ ಮೇಳದಲ್ಲಿ ಒಂದು ಪುಸ್ತಕದ ಟೇಬಲ್

ನಾಯಿ ಮೇಳಕ್ಕೆ ಬಂದವನಿಗೆ ಕೈ ಒಂದೇ. ಇನ್ನೊಂದು ಕೈಗೆ ಬೆಲ್ಟು ಸುತ್ತಿಕೊಂಡಿರುತ್ತದೆ. ಬೆಲ್ಟಿನ ಆಚೆ ತುದಿಯಲ್ಲಿ ಏನಾದರೂ ಓಡಿದ್ದು ಕಂಡರೆ ಯಜಮಾನನನ್ನೂ ಎಳೆದುಕೊಂಡು ಹೋಗುವ ಮುಧೋಳ ನಾಯಿ ಇರುತ್ತದೆ. ಇಂಥ ಗಿರಾಕಿಗೆ ಪುಸ್ತಕ ಮಾರಬೇಕೆಂದರೆ ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಕಲಿತದ್ದನ್ನೆಲ್ಲ ಮನೆಯಲ್ಲೇ ಬಿಟ್ಟು ಬರಬೇಕು.

ಬಾಗಲಕೋಟೆ ಜಿಲ್ಲೆಯ ಶ್ವಾನ ಮೇಳವೊಂದರಲ್ಲಿ ಮುಧೋಳ ನಾಯಿ ಸಾಕಣೆಯ ಕೈಪಿಡಿಯನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಕೂತು ಮಾರಿದ ಲೇಖಕರೊಬ್ಬರ ಟೇಬಲ್ಲಿನ ವಿಮರ್ಶೆ ಇದು. ಮೇಳದ ಹೆಸರು, ಲೇಖಕರ ಹೆಸರು ಇಲ್ಲಿ ಬೇಡ. ಟೇಬಲ್ ಹೇಗಿತ್ತು, ಪುಸ್ತಕ ಹೇಗಿತ್ತು, ಎಲ್ಲಿ ಎಡವಿತು ಅನ್ನುವುದಷ್ಟೇ ಬೇಕಾದ್ದು. ಅಂಕ ಮೊದಲೇ ಕೊಟ್ಟುಬಿಡುತ್ತೇವೆ: ಟೇಬಲ್ಲಿಗೆ 5ಕ್ಕೆ ನಾಲ್ಕೂವರೆ, ಪುಸ್ತಕಕ್ಕೆ ಮೂರೂವರೆ, ಮೇಳದವರು ಮಳಿಗೆಗೆ ಮಾಡಿದ ವ್ಯವಸ್ಥೆಗೆ ಎರಡು.

ಪುಸ್ತಕ 1/8 ಡೆಮಿ ಆಕಾರದ್ದು, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದದಲ್ಲಿ 128 ಪುಟ, 16 ಪುಟದ ಲೆಕ್ಕದಲ್ಲಿ 8 ಫಾರಂ. ನಡುವೆ ಬಣ್ಣದ ಚಿತ್ರಗಳಿಗೆಂದು 130 ಜಿಎಸ್‌ಎಂ ನುಣುಪು ಲೇಪನದ ಆರ್ಟ್ ಪೇಪರಿನ ಒಂದು ಫಾರಂ. ಹೊದಿಕೆ 300 ಜಿಎಸ್‌ಎಂ, ಮ್ಯಾಟ್ ಲ್ಯಾಮಿನೇಷನ್. ಇಷ್ಟಕ್ಕೆ ಒಂದು ಪ್ರತಿಯ ತೂಕ ಸುಮಾರು 185 ಗ್ರಾಂ, ದಪ್ಪ 7 ಮಿಲಿಮೀಟರ್. ಈ ಅಂಕಿ ಸುಮ್ಮನೆ ಹೇಳುತ್ತಿಲ್ಲ. ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಪುಟ ಸರಿಸಿ, ಬೇಡವಾದರೆ ವಾಪಸ್ ಇಡಲು ಬರುವಂಥ ಪುಸ್ತಕ ಈ ಅಳತೆಗಿಂತ ದೊಡ್ಡದಾಗಬಾರದು. ನಾಯಿ ತಳಿಗಳ ಮೇಲೆ ಬರುವ ಕಾಫಿ ಟೇಬಲ್ ಪುಸ್ತಕಗಳು ಮೇಳದಲ್ಲಿ ಮುಟ್ಟಿಸಿಕೊಳ್ಳದೆ ಉಳಿಯುವುದು ಬೆಲೆಯಿಂದಷ್ಟೇ ಅಲ್ಲ, ಎತ್ತಲಿಕ್ಕೆ ಎರಡು ಕೈ ಬೇಕು ಅನ್ನುವ ಕಾರಣಕ್ಕೂ.

ಹೊತ್ತು ತರುವವರಿಗೂ ತೂಕದ ಲೆಕ್ಕ ಮುಖ್ಯ. 60 ಪ್ರತಿಯ ಒಂದು ಪೆಟ್ಟಿಗೆ 11 ಕೆಜಿ ಆಗುತ್ತದೆ, ಒಬ್ಬರು ಎತ್ತಬಹುದು. ನೂರು ಪ್ರತಿ ತುಂಬಿದರೆ ಹದಿನೆಂಟು ಕೆಜಿ ದಾಟುತ್ತದೆ. ಪಾರ್ಕಿಂಗಿನಿಂದ ಮೈದಾನದ ಒಳಗಿನ ತನಕ ಎರೆಮಣ್ಣಿನ ಹೆಂಟೆ ತುಳಿಯುತ್ತ ಅದನ್ನು ಹೊರುವುದು ಬೇರೆಯೇ ಕಸರತ್ತು. ಇನ್ನೊಂದು ಎಚ್ಚರಿಕೆ: ಪರ್ಫೆಕ್ಟ್ ಬೈಂಡಿಂಗಿಗೆ, ಅಂದರೆ ಹೊಲಿಗೆಯಿಲ್ಲದೆ ಹಾಳೆಗಳ ಬೆನ್ನನ್ನು ಅಂಟಿಸುವುದಕ್ಕೆ, ಬಳಸುವ ಬಿಸಿ ಅಂಟು ಶಾಖಕ್ಕೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನ ಕೆಳಗೆ ಪೆಟ್ಟಿಗೆ ಇಟ್ಟರೆ ಸಂಜೆಗೆ ಪುಸ್ತಕದ ಬೆನ್ನು ಸೊಟ್ಟಗಾಗಿರುತ್ತದೆ. ಪೆಟ್ಟಿಗೆಯಲ್ಲಿ ಪುಸ್ತಕವನ್ನು ಮಲಗಿಸಿ ಜೋಡಿಸಬೇಕು, ಬೆನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎಲ್ಲ ಬೆನ್ನೂ ಒಂದೇ ಕಡೆ ಬಂದರೆ ಆ ಕಡೆ ಉಬ್ಬಿ ಹೊದಿಕೆ ಬಾಗುತ್ತದೆ.

ಈಗ ಟೇಬಲ್. ಮೇಳದವರು ಕೊಟ್ಟಿದ್ದು ಶಾಮಿಯಾನದವರ ಆರಡಿ ಟೇಬಲ್, ಎತ್ತರ ಎರಡೂವರೆ ಅಡಿ. ಬೆಳೆದ ಗಂಡು ಮುಧೋಳ ನಾಯಿ ಭುಜದ ಹತ್ತಿರ ಎರಡು ಅಡಿಗಿಂತ ಎತ್ತರ ಇರುತ್ತದೆ. ಕತ್ತು ಎತ್ತಿದರೆ ಮೂತಿ ಸೀದಾ ಟೇಬಲ್ಲಿನ ಅಂಚಿಗೆ. ಹಾಗಾಗಿ ಮುಂದಿನ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದರು. ಪುಸ್ತಕಗಳು ಹಿಂದಿನ ಅರ್ಧದಲ್ಲಿ, ಅದೂ ಹತ್ತೇ ಪ್ರತಿ. ಉಳಿದದ್ದು ಹಿಂದೆ ಪೆಟ್ಟಿಗೆಯಲ್ಲಿ. ಗುಡ್ಡೆ ಹಾಕಿದರೆ ವ್ಯಾಪಾರ ಜೋರಿದೆ ಅನ್ನಿಸುತ್ತದೆ ಎಂಬ ಮಾತು ಸಮ್ಮೇಳನದಲ್ಲಿ ನಿಜವಿರಬಹುದು. ಇಲ್ಲಿ ಗುಡ್ಡೆ ಹಾಕಿದರೆ ಜೊಲ್ಲು, ಧೂಳು, ಗಾಳಿ ಮೂರೂ ಅದರ ಮೇಲೆಯೇ. ಗಾಳಿಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡುಗಳನ್ನು ಭಾರಕ್ಕೆ ಇಟ್ಟಿದ್ದರು. ಪಾಲಿಶ್ ಆದ ಬದಿ ಕೆಳಗೆ ಬರುವಂತೆ ಇಟ್ಟಿದ್ದರಿಂದ ಮ್ಯಾಟ್ ಹೊದಿಕೆಗೆ ಗೀರು ಬಿದ್ದಿರಲಿಲ್ಲ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಗೀರು ಬಿದ್ದ ಪ್ರತಿಯನ್ನು ಯಾರೂ ಪೂರ್ತಿ ಬೆಲೆಗೆ ಒಯ್ಯುವುದಿಲ್ಲ.

ನೋಡಲಿಕ್ಕೆಂದೇ ಒಂದು ಪ್ರತಿಯನ್ನು ಮರದ ವ್ಯಾಸಪೀಠದ ಮೇಲೆ ಬಿಚ್ಚಿ, ಎರಡೂ ಬದಿಗೆ ಕ್ಲಿಪ್ ಹಾಕಿ ನಿಲ್ಲಿಸಿದ್ದರು. ಸ್ಟೇಷನರಿ ಅಂಗಡಿಯವರು ಅದಕ್ಕೆ ಬುಲ್‌ಡಾಗ್ ಕ್ಲಿಪ್ ಅನ್ನುತ್ತಾರೆ, ಮುಧೋಳದಲ್ಲಿ ಆ ಹೆಸರು ಹೇಳದಿರುವುದೇ ವಾಸಿ. ಬಿಚ್ಚಿದ್ದ ಪುಟ ಯಾವುದು? ಮುನ್ನುಡಿಯಲ್ಲ, ಲೇಖಕರ ಪರಿಚಯವೂ ಅಲ್ಲ. ‘ಮರಿ ಕೊಳ್ಳುವಾಗ ನೋಡಬೇಕಾದ್ದು’ ಅನ್ನುವ ಪುಟ. ನಿಂತವರು ಪುಟ ಮುಟ್ಟದೆಯೇ ಐದಾರು ಸಾಲು ಓದುತ್ತಿದ್ದರು. ಓದುತ್ತ ತಮ್ಮ ನಾಯಿಯ ಹಲ್ಲು ನೋಡುತ್ತಿದ್ದರು. ಹಾಗೆ ಹಲ್ಲು ನೋಡಿದವರಲ್ಲಿ ಹೆಚ್ಚಿನವರು ಕೊಂಡರು.

ನಿಲ್ಲಿಸಿಕೊಳ್ಳಲು ಇನ್ನೊಂದು ಉಪಾಯವಿತ್ತು, ಅದು ನಮಗೆ ಬಹಳ ಹಿಡಿಸಿತು. ಟೇಬಲ್ಲಿನ ಬಲಗಡೆ ನೆಲದ ಮೇಲೆ ನಾಯಿಗೆ ಕುಡಿಯುವ ನೀರು. ನಾಯಿ ನೀರು ಕುಡಿಯುವಷ್ಟು ಹೊತ್ತು ಯಜಮಾನ ಅಲ್ಲೇ ನಿಂತಿರುತ್ತಾನೆ, ಕಣ್ಣು ಪುಸ್ತಕದ ಮೇಲೆ ಬೀಳುತ್ತದೆ. ಒಂದೇ ಬೋಗುಣಿ ಇಟ್ಟರೆ ಕೆಮ್ಮು, ಪಾರ್ವೊದಂಥ ರೋಗ ನಾಯಿಯಿಂದ ನಾಯಿಗೆ ದಾಟುವ ಭಯ ಇರುತ್ತದೆ. ತಿಳಿದ ಹ್ಯಾಂಡ್ಲರ್‌ಗಳು ಅದರ ಹತ್ತಿರವೂ ಬಿಡುವುದಿಲ್ಲ. ಇವರು ಮುತ್ತುಗದ ಎಲೆಯ ದೊನ್ನೆ ಇಟ್ಟಿದ್ದರು. ಒಂದು ನಾಯಿಗೆ ಒಂದು ದೊನ್ನೆ, ಕ್ಯಾನಿನಿಂದ ಹೊಸ ನೀರು, ಕುಡಿದ ಮೇಲೆ ದೊನ್ನೆ ಚೀಲಕ್ಕೆ. ಹತ್ತು ಪೈಸೆ ಜಾಹೀರಾತಿಗೆ ಖರ್ಚು ಮಾಡದೆ ಗಿರಾಕಿಯನ್ನು ಎರಡು ನಿಮಿಷ ನಿಲ್ಲಿಸಿದ್ದು ಇದು.

ಅರ್ಧ ಅಂಕ ಕಳೆದದ್ದು ಬೆಲ್ಟು ಸಿಕ್ಕಿಸುವ ಕೊಂಡಿಗೆ. ಗಿರಾಕಿಗೆ ಇನ್ನೊಂದು ಕೈ ಬಿಡುವಾಗಲಿ ಎಂದು ಟೇಬಲ್ಲಿನ ಕಾಲಿಗೇ ಒಂದು ಕಬ್ಬಿಣದ ಕೊಂಡಿ ಕಟ್ಟಿದ್ದರು. ಆಲೋಚನೆ ಸರಿ, ಜಾಗ ತಪ್ಪು. ಮುಧೋಳ ನಾಯಿ ನಿಂತಲ್ಲಿಂದ ಒಮ್ಮೆಗೇ ಚಿಮ್ಮುತ್ತದೆ, ಶಾಮಿಯಾನದ ಟೇಬಲ್ ಅದಕ್ಕೆ ಲೆಕ್ಕವಿಲ್ಲ. ಟೇಬಲ್ಲಿನಿಂದ ನಾಲ್ಕಡಿ ದೂರಕ್ಕೆ ಒಂದೂವರೆ ಅಡಿ ಆಳ ಗೂಟ ಹೊಡೆದು ಅದಕ್ಕೆ ಕಟ್ಟುವಂತೆ ಮಾಡಬೇಕು. ಎರಡು ಗೂಟ ಬೇಕೆಂದರೆ ನಡುವೆ ಕನಿಷ್ಠ ಹತ್ತಡಿ ಬಿಡಬೇಕು, ಇಲ್ಲವಾದರೆ ಎರಡು ಗಂಡು ನಾಯಿಗಳ ಜಗಳ ಬಿಡಿಸುವುದೇ ಕೆಲಸವಾಗುತ್ತದೆ.

ಇನ್ನು ಯಾರೂ ಬರೆಯದ ವಿಷಯ: ಉಚ್ಚೆ. ಗಂಡು ನಾಯಿ ಮೂಲೆ ಕಂಡಲ್ಲಿ ಕಾಲೆತ್ತುತ್ತದೆ. ನೆಲಕ್ಕೆ ಇಳಿಬಿಟ್ಟ ಟೇಬಲ್ ಬಟ್ಟೆ, ನೆಲದ ಮೇಲಿನ ರಟ್ಟಿನ ಪೆಟ್ಟಿಗೆ ಇವೆರಡೂ ಅದಕ್ಕೆ ಕರೆ ಕಳಿಸಿದ ಹಾಗೆ. ಒಂದು ನಾಯಿ ಗುರುತು ಹಾಕಿತೆಂದರೆ ಮುಂದಿನ ಇಪ್ಪತ್ತು ನಾಯಿ ಅಲ್ಲೇ ಬರುತ್ತವೆ. ರಟ್ಟು ಹೀರಿಕೊಳ್ಳುತ್ತದೆ, ತಳದ ಸಾಲಿನ ಹತ್ತು ಹನ್ನೆರಡು ಪ್ರತಿ ಕೈಬಿಟ್ಟಂತೆ. ಈ ಟೇಬಲ್ಲಿನಲ್ಲಿ ಗುಳೇದಗುಡ್ಡದ ಖಣ ಹಾಸಿದ್ದರು. ನೋಡಲಿಕ್ಕೆ ಚೆಂದ, ಆದರೆ ಅಂಚನ್ನು ಮೇಲಕ್ಕೆ ಮಡಚಿ ಒಳಗಿನಿಂದ ಪಿನ್ ಮಾಡಿದ್ದರಿಂದ ಒಂದು ಗೇಣಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಪೆಟ್ಟಿಗೆಗಳು ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ, ಹಿಂಬದಿಗೆ. ಒರೆಸಲು ನೀರಿಗೆ ಬಿಳಿ ವಿನಿಗರ್ ಬೆರೆಸಿದ ಸ್ಪ್ರೇ ಬಾಟಲಿ. ಅಮೋನಿಯಾ ಇರುವ ಕ್ಲೀನರ್ ಬಳಸಬಾರದು, ಅದರ ವಾಸನೆ ನಾಯಿಗೆ ಉಚ್ಚೆಯ ವಾಸನೆಯಂತೆಯೇ ಬಡಿಯುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಫಿನೈಲೂ ಬೇಡ, ನೆಲ ನೆಕ್ಕುವ ಪ್ರಾಣಿಗಳು ಇವು.

ಟೇಬಲ್ಲಿಗೆ ಬಂದವರ ಮೊದಲ ಪ್ರಶ್ನೆ ಪುಸ್ತಕದ ಬಗ್ಗೆ ಇರುವುದಿಲ್ಲ. ‘ಮರಿ ಅದಾವೇನ್ರಿ?’ ಅನ್ನುತ್ತಾರೆ. ಎರಡನೆಯದು ‘ಜೋಡಿ ಎಷ್ಟಕ್ಕ ಕೊಡ್ತೀರಿ?’ ನಾಯಿಯ ಚಿತ್ರ ಹಾಕಿದ ಬ್ಯಾನರ್ ಕಂಡರೆ ಮರಿ ಮಾರುವವರೇ ಅಂದುಕೊಳ್ಳುವುದು ಸಹಜ. ಮೊದಲ ದಿನ ಮಧ್ಯಾಹ್ನದ ತನಕ ಲೇಖಕರ ಗಂಟಲು ಇದಕ್ಕೇ ಸವೆಯಿತು. ಊಟದ ಹೊತ್ತಿಗೆ ರಟ್ಟಿನ ಮೇಲೆ ಮಾರ್ಕರಿನಲ್ಲಿ ‘ಇಲ್ಲಿ ಮರಿ ಮಾರುವುದಿಲ್ಲ. ಮರಿ ಹೇಗೆ ಆರಿಸಬೇಕು ಅನ್ನುವ ಪುಸ್ತಕ ಇದೆ. 200 ರೂಪಾಯಿ’ ಎಂದು ಬರೆದು ತೂಗುಹಾಕಿದರು. ಸಾವಿರಾರು ರೂಪಾಯಿಯ ಫ್ಲೆಕ್ಸಿಗಿಂತ ಈ ರಟ್ಟು ಚೆನ್ನಾಗಿ ದುಡಿಯಿತು. ಫ್ಲೆಕ್ಸಿನಲ್ಲಿ ಇದ್ದದ್ದು ಪುಸ್ತಕದ ಹೆಸರು, ಲೇಖಕರ ಪದವಿ, ನಾಯಿಯ ಚಿತ್ರ. ಬೆಲೆ ಇರಲಿಲ್ಲ, ಇದು ಪುಸ್ತಕ ಅನ್ನುವುದೂ ಹತ್ತಡಿ ದೂರದಿಂದ ತಿಳಿಯುತ್ತಿರಲಿಲ್ಲ.

ಬೆಲೆಯ ಬಗ್ಗೆ ಎರಡು ಮಾತು. 200 ಅನ್ನುವುದು ಸರಿಯಾದ ಅಂಕಿ. 180 ಇಟ್ಟರೆ ಚಿಲ್ಲರೆ ಹುಡುಕಬೇಕು, 220 ಇಟ್ಟರೆ ಎರಡು ನೂರರ ನೋಟಿನ ಮೇಲೆ ಮತ್ತೆ ಜೇಬಿಗೆ ಕೈ ಹಾಕಬೇಕು, ಕೈಯೋ ಒಂದೇ. ಸಮ್ಮೇಳನದಲ್ಲಿ ‘ರಿಯಾಯಿತಿ ಎಷ್ಟು?’ ಅನ್ನುವುದು ವಾಡಿಕೆ, ನಾಯಿ ಮೇಳದಲ್ಲಿ ಆ ಮಾತು ಬಹಳ ಕಡಿಮೆ. ಒಂದು ಚೀಲ ನಾಯಿ ಆಹಾರಕ್ಕೆ ಸಾವಿರಗಟ್ಟಲೆ ಕೊಟ್ಟು ಬಂದವರಿಗೆ ಇದು ಹೊರೆಯಲ್ಲ. ಲೆಕ್ಕ ಹೀಗೆ ಹಾಕಿ ನೋಡಬಹುದು. ಅಚ್ಚಿನ ಖರ್ಚು ಪ್ರತಿಗೆ 85 ರೂ. ಬಿತ್ತು ಎನ್ನೋಣ. ಟೇಬಲ್ಲಿನಲ್ಲಿ ಒಂದು ಮಾರಿದರೆ ಕೈಗೆ 115 ಉಳಿಯುತ್ತದೆ. ಅಂಗಡಿಗೆ 40 ಪ್ರತಿಶತ ಕಮಿಷನ್ನಿಗೆ ಕೊಟ್ಟರೆ ಬರುವುದು 120, ಉಳಿಯುವುದು 35. ಅಂದರೆ ಟೇಬಲ್ಲಿನ ಒಂದು ಪ್ರತಿ ಅಂಗಡಿಯ ಮೂರು ಪ್ರತಿಗೆ ಸಮ. ಟೇಬಲ್ ಬಾಡಿಗೆ 1,500, ಗಾಡಿಗೆ 800, ಚಹಾ-ಊಟಕ್ಕೆ 300 ಹಿಡಿದರೆ ಒಟ್ಟು 2,600. ಇಪ್ಪತ್ಮೂರನೆಯ ಪ್ರತಿ ಹೋದಾಗ ಖರ್ಚು ಎದ್ದಿತು. ಎಷ್ಟು ಪ್ರತಿ ಒಯ್ಯಬೇಕು ಅನ್ನುವುದನ್ನು ಜನಸಂದಣಿ ನೋಡಿ ಅಂದಾಜಿಸಬಾರದು. ಫೋಟೋ ಹೊಡೆಸಿಕೊಳ್ಳಲು ಬರುವ ಹುಡುಗರೇ ಅರ್ಧ ಇರುತ್ತಾರೆ. ಎಷ್ಟು ನಾಯಿ ಹೆಸರು ನೋಂದಾಯಿಸಿವೆ ಎಂದು ಮೇಳದವರನ್ನು ಕೇಳಿ, ಆ ಸಂಖ್ಯೆಯ ಮೇಲೆ ಹೋಗಬೇಕು.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ ನೋಂದಣಿಯೂ ಬೇಡ. ಪಕ್ಕದಲ್ಲಿ ನಾಲ್ಕು ಕತ್ತಿನ ಪಟ್ಟಿ, ಎರಡು ಬೆಲ್ಟು ಇಟ್ಟು ಮಾರೋಣ ಅನ್ನುವ ಆಸೆ ಬಂದರೆ ಈ ಸರಳ ಲೆಕ್ಕ ಕೆಡುತ್ತದೆ, ಅವಕ್ಕೆ ತೆರಿಗೆ ಉಂಟು. ಇವರು ಆ ಆಸೆಗೆ ಬೀಳಲಿಲ್ಲ. ಬದಲಿಗೆ ಪ್ರತಿ ಪುಸ್ತಕದ ಒಳಗೆ ಲಸಿಕೆ ಬರೆದಿಡುವ ಒಂದು ಗಟ್ಟಿ ಕಾರ್ಡು ಪುಕ್ಕಟೆ ಇಟ್ಟಿದ್ದರು. ಅದೇ ಬುಕ್‌ಮಾರ್ಕ್. ಕಾರ್ಡಿಗಾಗಿ ಪುಸ್ತಕ ಕೊಂಡವರೂ ಇದ್ದರು, ಇರಲಿ.

ಹಣ ಪಡೆಯುವ ಕಡೆ ಅಚ್ಚುಕಟ್ಟು. ಕ್ಯೂಆರ್ ಕೋಡನ್ನು ಟೇಬಲ್ಲಿನ ಮೇಲೆ ಮಲಗಿಸದೆ ಎದೆಯ ಎತ್ತರಕ್ಕೆ ನಿಲ್ಲಿಸಿದ್ದರು. ಬಗ್ಗಿದರೆ ಬೆಲ್ಟು ಸಡಿಲಾಗುತ್ತದೆ, ಅದಕ್ಕೆ. ಕೋಡಿನೊಳಗೇ 200 ಮೊತ್ತ ತುಂಬಿದ್ದರಿಂದ ಅಂಕಿ ಒತ್ತುವ ಕೆಲಸ ಇಲ್ಲ. ಸಣ್ಣ ಪಾವತಿಗೆಂದು ಆ್ಯಪಿನಲ್ಲೇ ಮೊದಲೇ ಹಣ ತುಂಬಿಡುವ ಯುಪಿಐ ಲೈಟ್ ಇಟ್ಟುಕೊಂಡವರಿಗೆ 1,000 ರೂ. ತನಕ ಪಿನ್ ಕೂಡ ಬೇಡ, ಹೆಬ್ಬೆರಳಿನಲ್ಲೇ ಮುಗಿಯುತ್ತದೆ. ಹೊಳೆಯುವ ಲ್ಯಾಮಿನೇಷನ್ ಹಾಕಿದ ಕ್ಯೂಆರ್ ಬಿಸಿಲಿನಲ್ಲಿ ಕನ್ನಡಿಯಾಗಿ ಸ್ಕ್ಯಾನ್ ಆಗುವುದಿಲ್ಲ, ಮ್ಯಾಟ್ ಹಾಕಿಸಬೇಕು ಅಥವಾ ಮೇಲೊಂದು ರಟ್ಟಿನ ನೆರಳು ಕಟ್ಟಬೇಕು. ಮಧ್ಯಾಹ್ನ ಮೈದಾನ ತುಂಬಿದಾಗ ನೆಟ್‌ವರ್ಕ್ ಕುಂಟುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇದ್ದರೆ ಒಂದಾದರೂ ನಡೆಯುತ್ತದೆ. ‘ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುವ ಸೌಂಡ್‌ಬಾಕ್ಸ್ ಒಂದು ಇತ್ತು. ಅದರ ಪೂರ್ತಿ ದನಿಗೆ ಪಕ್ಕದಲ್ಲಿದ್ದ ಎಳೆ ನಾಯಿ ಬೆಚ್ಚಿ ಹಿಂದಕ್ಕೆ ಜಿಗಿದ ಮೇಲೆ ದನಿ ಕನಿಷ್ಠಕ್ಕೆ ಇಳಿಸಿದರು. ನಾಯಿ ಮೇಳಕ್ಕೆ ಸೌಂಡ್‌ಬಾಕ್ಸ್ ಒಯ್ಯುವವರು ಇದನ್ನು ಮೊದಲೇ ಮಾಡಿರಬೇಕು.

ಹಸ್ತಾಕ್ಷರ ಕೇಳುವವರು ತಮ್ಮ ಹೆಸರು ಹೇಳುವುದಿಲ್ಲ, ನಾಯಿಯ ಹೆಸರಿಗೆ ಬರೆದುಕೊಡಿ ಅನ್ನುತ್ತಾರೆ. ನಾಯಿಗಳ ಹೆಸರಿನ ಕಾಗುಣಿತ ಅವರವರ ಇಷ್ಟ, ಚೀಟಿಯಲ್ಲಿ ಬರೆಸಿಕೊಂಡು ನೋಡಿ ಬರೆಯುವುದೇ ಕ್ಷೇಮ. ಬರೆಯಬೇಕಾದ್ದು ಶೀರ್ಷಿಕೆ ಪುಟದ ಮೇಲೆ, ಬಾಲ್ ಪೆನ್ನಿನಲ್ಲಿ. ಆರ್ಟ್ ಪೇಪರಿನ ಚಿತ್ರದ ಮೇಲೆ ಜೆಲ್ ಪೆನ್ನು ಒಣಗುವುದಿಲ್ಲ, ಎದುರು ಪುಟಕ್ಕೆ ಬಳಿದುಕೊಳ್ಳುತ್ತದೆ.

ಮೇಳದವರ ವ್ಯವಸ್ಥೆಗೆ ಎರಡೇ ಅಂಕ ಏಕೆಂದರೆ ಟೇಬಲ್ ಹಾಕಿದ್ದು ಪ್ರವೇಶದ ಬಾಗಿಲಿಗೆ ಅಂಟಿ. ನಕ್ಷೆಯಲ್ಲಿ ನೋಡಿದರೆ ಒಳ್ಳೆಯ ಜಾಗ, ಎಲ್ಲರೂ ಹಾಯುತ್ತಾರೆ. ಆದರೆ ಬಾಗಿಲಲ್ಲಿ ಪರಿಚಯವಿಲ್ಲದ ನಾಯಿಗಳು ಒತ್ತೊತ್ತಾಗಿ ಬರುತ್ತವೆ, ಯಜಮಾನರು ಬೇಗ ದಾಟಿ ಹೋಗಲು ನೋಡುತ್ತಾರೆ. ಧ್ವನಿವರ್ಧಕವೂ ಅಲ್ಲೇ. ಪುಸ್ತಕದ ಟೇಬಲ್ಲಿಗೆ ತಕ್ಕ ಜಾಗ ವೈದ್ಯಕೀಯ ತಪಾಸಣೆಯ ಸಾಲಿನ ಬದಿ. ಅಲ್ಲಿ ಜನ ಕಾಯುತ್ತಾರೆ, ಕಾಯುವವನಿಗೆ ಓದಲು ಏನಾದರೂ ಬೇಕು, ಮನಸ್ಸೂ ನಾಯಿಯ ಆರೋಗ್ಯದ ಮೇಲೆಯೇ ಇರುತ್ತದೆ. ಎರಡನೆಯ ದಿನ ಲೇಖಕರು ಕೇಳಿಕೊಂಡು ಅತ್ತ ಸರಿದರು, ವ್ಯಾಪಾರ ಮೊದಲ ದಿನದ್ದಕ್ಕಿಂತ ಚೆನ್ನಾಯಿತು. ಹೊತ್ತಿನ ಲೆಕ್ಕವೂ ಗೊತ್ತಿರಲಿ: ನೋಂದಣಿ ಶುರುವಾದಾಗಿನಿಂದ ಮೊದಲ ಕ್ಲಾಸ್, ಅಂದರೆ ಸ್ಪರ್ಧೆಯ ಮೊದಲ ಗುಂಪು, ರಿಂಗಿಗೆ ಹೋಗುವ ತನಕ ಒಂದು ಸುಗ್ಗಿ, ಊಟದ ಬಿಡುವಿಗೆ ಇನ್ನೊಂದು. ಜಡ್ಜ್ ರಿಂಗಿನಲ್ಲಿ ಇರುವಾಗ ಟೇಬಲ್ ಬಿಟ್ಟು ಚಹಾ ಕುಡಿದು ಬಂದರೂ ನಷ್ಟವಿಲ್ಲ. ಕೊನೆಯ ಬಹುಮಾನ ಕೊಟ್ಟ ಹತ್ತು ನಿಮಿಷಕ್ಕೆ ಮೈದಾನ ಖಾಲಿ, ಆಮೇಲೆ ಕಾಯುವುದು ವ್ಯರ್ಥ.

ಪುಸ್ತಕದ ಒಳಗೆ ಬರೋಣ. ಚರಿತ್ರೆಯ ಅಧ್ಯಾಯ ಸಾಧಾರಣ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ತಳಿಯನ್ನು ಕಾಪಾಡಿ ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿ ಬಂದದ್ದು, ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ, ಸೈನ್ಯಕ್ಕೆ ಸೇರಿದ್ದು, 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಹೆಸರು ಬಂದದ್ದು ಎಲ್ಲ ಇದೆ. ಮುಧೋಳದ ಕಡೆಯವರಿಗೆ ಇದು ಬಾಯಿಪಾಠ. ಇದಕ್ಕೆ 30 ಪುಟ ಬೇಕಿರಲಿಲ್ಲ, ಹತ್ತು ಸಾಕಿತ್ತು. ಬೇಟೆಯ ಕತೆಗಳನ್ನು ರಸವತ್ತಾಗಿ ಹೇಳಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಾಯಿ ಬಿಟ್ಟು ಮೊಲ ಹಿಡಿಯುವುದು ಅಪರಾಧ ಅನ್ನುವುದನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಸರಿಯಲ್ಲ. ಆ ಸಾಲು ಅಧ್ಯಾಯದ ತಲೆಯ ಮೇಲೆ ಇರಬೇಕಿತ್ತು.

ಹೆಸರಿನ ಗೊಂದಲವನ್ನು ಮಾತ್ರ ಚೆನ್ನಾಗಿ ಬಿಡಿಸಿದ್ದಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಈ ತಳಿ ‘ಕ್ಯಾರವಾನ್ ಹೌಂಡ್’, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನಲ್ಲಿ ‘ಮುಧೋಳ್ ಹೌಂಡ್’. ಕಾಗದಪತ್ರದಲ್ಲಿ ಬೇರೆ ಹೆಸರು ಕಂಡು ಮೋಸ ಹೋದೆನೆಂದು ಹೆದರುವವರಿಗೆ ಈ ಎರಡು ಪುಟ ಬಹಳ ಬೇಕು. ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆಯನ್ನು ಸ್ಕ್ಯಾನರ್ ಹಿಡಿದು ಓದಿಸಿ, ಕಾಗದದ ಮೇಲಿನದಕ್ಕೆ ತಾಳೆ ನೋಡಿ ಅನ್ನುವ ಸಲಹೆಯೂ ಅಲ್ಲೇ ಇದೆ.

ದುಡ್ಡು ವಸೂಲಾಗುವುದು ಮರಿ ಆರಿಸುವ ಅಧ್ಯಾಯಕ್ಕೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮ ಹೇಳುತ್ತದೆ; ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ನಾಲ್ಕೈದು ವಾರದ ಮರಿಗಳನ್ನು ಏಕೆ ಕೊಳ್ಳಬಾರದು ಎಂದು ಕಾರಣ ಸಮೇತ ಬರೆದಿದ್ದಾರೆ. ಈ ತಳಿಯಲ್ಲಿ ಕೊನೆಯ ಪಕ್ಕೆಲುಬುಗಳು ಚೂರು ಕಾಣುವುದು ಸಹಜ, ಆದರೆ ಸೊಂಟದ ಎಲುಬು ಚುಚ್ಚಿಕೊಂಡು ಹೊಟ್ಟೆ ಡುಬ್ಬಾಗಿದ್ದರೆ ಅದು ತಳಿಯ ಗುಣವಲ್ಲ, ಜಂತುಹುಳು. ‘ಮುಧೋಳ ನಾಯಿ ಅಂದ್ರ ಸಣ್ಣಗs ಇರ್ತೈತ್ರಿ’ ಎಂದು ಹಸಿದ ಮರಿಯನ್ನು ಸಾಗಹಾಕುವವರು ಇರುವುದರಿಂದ ಈ ಗೆರೆ ಎಳೆದದ್ದು ಉಪಕಾರವೇ.

ಲಸಿಕೆಯ ಭಾಗವೂ ಗಟ್ಟಿ. ಆರರಿಂದ ಎಂಟನೆಯ ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದ ತನಕ, ರೇಬೀಸ್ ಮೂರು ತಿಂಗಳಿಗೆ. ಒಂದು ಚುಚ್ಚಿದರೆ ಸಾಲದೇ ಅನ್ನುವವರಿಗೆ ಕಾರಣ ಹೇಳಿದ್ದಾರೆ: ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಇರುವ ತನಕ ಅದು ಲಸಿಕೆಯನ್ನೂ ತಡೆಯುತ್ತದೆ, ಯಾವ ಮರಿಯಲ್ಲಿ ಅದು ಯಾವಾಗ ಕರಗುತ್ತದೆ ಎಂದು ಹೇಳಲಾಗದು, ಅದಕ್ಕೇ ಮತ್ತೆ ಮತ್ತೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಓಟದ ನಾಯಿಗಳಿಗೆ ಥಯೋಪೆಂಟಾಲ್‌ನಂಥ ಅರಿವಳಿಕೆ ಇಳಿಯಲು ಹೆಚ್ಚು ಹೊತ್ತು ಬೇಕು, ಆಪರೇಷನ್ನಿಗೆ ಮೊದಲು ಡಾಕ್ಟರ ಹತ್ತಿರ ಮಾತಾಡಿ ಅನ್ನುವ ಎಚ್ಚರಿಕೆ ಇದೆ. ಎದೆ ಆಳ ಇರುವ ನಾಯಿಗೆ ಹೊಟ್ಟೆ ತುಂಬ ಉಣ್ಣಿಸಿದ ಕೂಡಲೇ ಓಡಿಸಬೇಡಿ, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಜೀವಕ್ಕೆ ಅಪಾಯ ಎಂಬುದೂ ಇದೆ. ಗೋವಿನಜೋಳದ ಹಿಟ್ಟು, ಹಾಲಿನ ಮೇಲೆ ಬೆಳೆಸುವ ನಮ್ಮ ಕಡೆಯ ರೂಢಿಗೆ ಮೊಟ್ಟೆ, ಮಾಂಸದ ಲೆಕ್ಕ ಸೇರಿಸಿ ಹೇಳಿದ್ದಾರೆ. ಆದರೆ ಅಳತೆಯನ್ನು ‘ಬೇಕಾದಷ್ಟು’ ಎಂದು ಬಿಟ್ಟಿದ್ದಾರೆ. ‘ನಮ್ಮ ನಾಯಿ ಉಣ್ಣವಲ್ದ್ರಿ, ಅದಕ್ಕ ಏನರ ಬರ್ದೀರೇನು?’ ಎಂದು ಕೇಳಿದವರಿಗೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ, ಲೇಖಕರು ಬಾಯಲ್ಲಿ ಹೇಳಿದರು. ಮುಂದಿನ ಮುದ್ರಣಕ್ಕೆ ಇಂಥ ಪ್ರಶ್ನೆಗಳನ್ನು ಟೇಬಲ್ಲಿನಲ್ಲೇ ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಒಂದು ಅಧ್ಯಾಯ ತಾನಾಗಿ ಆಗುತ್ತಿತ್ತು.

ಅಚ್ಚಿನ ತಪ್ಪುಗಳು ಬೇಸರ ತರಿಸುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಪುಟ ಕಟ್ಟಿದ್ದಾರೆ. ಆ ಫಾಂಟಿನಲ್ಲಿ ಇಂಗ್ಲಿಷ್ ಪದಕ್ಕೆ ಫಾಂಟ್ ಬದಲಿಸದೆ ಬಿಟ್ಟರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತದೆ. ಔಷಧಿಗಳ ಪಟ್ಟಿಯಲ್ಲಿ ಎರಡು ಹೆಸರು ಹೀಗೆ ಹೋಗಿವೆ. ಕತೆಯಲ್ಲಾದರೆ ನಕ್ಕು ಬಿಡಬಹುದು, ಔಷಧಿಯ ಹೆಸರಲ್ಲಿ ಆಗಬಾರದು. ರೇಬೀಸ್ ಲಸಿಕೆಯ ವಯಸ್ಸು ಕೋಷ್ಟಕದಲ್ಲಿ ತಪ್ಪಿತ್ತು, ಅದಕ್ಕೆ ಪ್ರತಿಯೊಂದು ಪ್ರತಿಗೂ ತಿದ್ದುಪಡಿ ಚೀಟಿ ಅಂಟಿಸಿದ್ದಾರೆ. ಮುಚ್ಚಿಡದೆ ಅಂಟಿಸಿದ್ದಕ್ಕೆ ಮೆಚ್ಚುಗೆ. ಕರಡು ನೋಡುವಾಗ ಅಂಕಿಗಳಿಗೆಂದೇ ಒಂದು ಸುತ್ತು ಬೇರೆ ಇಟ್ಟುಕೊಂಡಿದ್ದರೆ ಅಂಟಿಸುವ ಕೆಲಸ ಉಳಿಯುತ್ತಿತ್ತು.

ಆರ್ಟ್ ಪೇಪರಿನ ಫಾರಂ ಇನ್ನೊಂದು ತಲೆನೋವು. ನಾಯಿಯ ಮೈಬಣ್ಣ ಮ್ಯಾಪ್‌ಲಿಥೋದ ಕಪ್ಪು-ಬಿಳುಪಿನಲ್ಲಿ ಬರೀ ಕೊಳೆಯಂತೆ ಕಾಣುವುದರಿಂದ ಬಣ್ಣದ ಪುಟ ಹಾಕಿದ್ದು ಸರಿ. ಆದರೆ ಪರ್ಫೆಕ್ಟ್ ಬೈಂಡಿಂಗಿನ ಅಂಟು ಲೇಪನವಿರುವ ಕಾಗದವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ವ್ಯಾಸಪೀಠದ ಮೇಲೆ ಬಿಚ್ಚಿಟ್ಟಿದ್ದ ಪ್ರತಿಯಲ್ಲಿ ಎರಡನೆಯ ದಿನದ ಸಂಜೆಗೆ ಬಣ್ಣದ ನಾಲ್ಕು ಹಾಳೆ ಕಿತ್ತು ಬಂದಿದ್ದವು. 128 ಪುಟಕ್ಕೆ ನಡುಮಡಿಕೆಯಲ್ಲಿ ಹೊಡೆಯುವ ಸೆಂಟರ್ ಪಿನ್ ಆಗುವುದಿಲ್ಲ, ದಪ್ಪ ಹೆಚ್ಚು. ಒಂದೊಂದೇ ಫಾರಂ ದಾರದಲ್ಲಿ ಹೊಲಿಯುವ ಸೆಕ್ಷನ್ ಹೊಲಿಗೆ ಹಾಕಿಸಬೇಕು. ಪ್ರತಿಗೆ ಕೆಲವು ರೂಪಾಯಿ ಹೆಚ್ಚು ಬೀಳುತ್ತದೆ, ಪುಸ್ತಕ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ ಅನ್ನುವ ಲಾಭವೂ ಇದೆ. ಮುದ್ರಣ ಕಾಶಿ ಎನ್ನಿಸಿಕೊಂಡ ಗದಗ ಹತ್ತಿರವೇ ಇರುವಾಗ ಹೊಲಿಗೆ ಹಾಕುವವರು ಸಿಗುವುದಿಲ್ಲ ಅನ್ನುವಂತಿಲ್ಲ. ಬೆನ್ನಿನ ಮೇಲಿನ ಹೆಸರೂ ನೋಡಿಕೊಳ್ಳಲಿ: 7 ಮಿಲಿಮೀಟರ್ ಬೆನ್ನಿನಲ್ಲಿ ಇಂಗ್ಲಿಷ್ ಅಳತೆಗೆ ಅಕ್ಷರ ಕೂಡಿಸಿದ್ದರಿಂದ ಒತ್ತಕ್ಷರಗಳು ಮಡಿಕೆಗೆ ಹೋಗಿ ಅರ್ಧ ಕತ್ತರಿಸಿವೆ.

ಜಮಖಂಡಿಯಾಚೆ, ಜತ್ತ, ಸಾಂಗಲಿ ಕಡೆಯಿಂದ ನಾಯಿ ತಂದವರಲ್ಲಿ ಹಲವರಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಮರಾಠಿಯಲ್ಲಿ ಏನಾದರೂ ಇದೆಯೇ ಎಂದು ಕೇಳಿದವರು ಬರಿಗೈಯಲ್ಲಿ ಹೋದರು. ಇಡೀ ಪುಸ್ತಕ ಅನುವಾದ ಆಗಬೇಕಿಲ್ಲ. ಲಸಿಕೆ ಕಾರ್ಡಿನ ಹಿಂಬದಿಯಲ್ಲಿ ಮರಾಠಿ ಅಚ್ಚು ಹಾಕಿ ಹತ್ತು ರೂಪಾಯಿಗೆ ಕೊಟ್ಟಿದ್ದರೂ ಆಗುತ್ತಿತ್ತು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇದೆ. ಲೇಖಕರೇ ಪ್ರಕಾಶಕರಾದರೂ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಅದು ಉಚಿತವಾಗಿ ಸಿಗುತ್ತದೆ. ಮೇಳದಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಆನ್‌ಲೈನ್ ಅಂಗಡಿಗೆ ಹಾಕುವಾಗ ಬೇಕು.

ಮೇಳ ಮುಗಿದ ಮೇಲೂ ಬೇಡಿಕೆ ಬರುತ್ತದೆ. ನಾಯಿ ಹಿಡಿದವರು ‘ಆಮ್ಯಾಲ ತರಸ್ಕೊಂತೀನ್ರಿ’ ಎಂದು ಹೋಗಿರುತ್ತಾರೆ, ಅವರಿಗೆ ಕೊಡಲು ನಂಬರಿನ ಚೀಟಿ ಇಟ್ಟಿದ್ದರು. ಕಳಿಸಲು ಅಂಚೆ ಇಲಾಖೆ 2025ರ ಮೇ 1ರಿಂದ ಶುರು ಮಾಡಿದ ಜ್ಞಾನ ಪೋಸ್ಟ್ ಅಗ್ಗ: 300 ಗ್ರಾಂವರೆಗೆ 20 ರೂ., ತೆರಿಗೆ ಬೇರೆ. ಲಕೋಟೆ ಸೇರಿಸಿದರೂ ಈ ಪುಸ್ತಕ ಆ ಮಿತಿಯೊಳಗೇ ಇರುತ್ತದೆ. ತೊಡಕು ಒಂದೇ. ಆ ದರ ಜ್ಞಾನ, ಸಂಸ್ಕೃತಿಯ ಪುಸ್ತಕಗಳಿಗೆ, ಜಾಹೀರಾತು ಇರುವ ಪ್ರಕಟಣೆಗಳಿಗೆ ಅಲ್ಲ. ಈ ಪುಸ್ತಕದ ಹಿಂಬದಿಯ ಒಳಪುಟದಲ್ಲಿ ನಾಯಿ ಆಹಾರದ ಅಂಗಡಿಯೊಂದರ ಅರ್ಧ ಪುಟದ ಜಾಹೀರಾತು ಇದೆ. ಮುಂದಿನ ಮುದ್ರಣದಲ್ಲಿ ಅದನ್ನು ತೆಗೆದು, ಆ ಜಾಗಕ್ಕೆ ಉಣ್ಣದ ನಾಯಿಗೆ ಏನು ಮಾಡಬೇಕು ಅನ್ನುವುದನ್ನು ಹಾಕಲಿ.